ಬಂಡೆ ಉಳಿಸುವವರು: ಕೆಂಟಕಿಯ ಕಣಿವೆಯಲ್ಲಿ ಹಾರೆ ಹಿಡಿದ ಶಿಲಾರೋಹಿಗಳು

ಬಂಡೆ ಹತ್ತುವುದೆಂದರೆ ನಮ್ಮಲ್ಲಿ ಬಹಳ ಜನರಿಗೆ ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ನೆನಪಾಗುತ್ತಾರೆ. ಅದು ಒಬ್ಬ ಮನುಷ್ಯನ ಎದೆಗಾರಿಕೆ. ಆದರೆ ಒಂದೇ ಬಂಡೆಯ ಬುಡಕ್ಕೆ ಪ್ರತಿ ವಾರಾಂತ್ಯ ನೂರಾರು ಜನ ಹಗ್ಗ, ಹಾರ್ನೆಸ್ ಹೊತ್ತು ಬರತೊಡಗಿದರೆ ಆ ಜಾಗದ ಗತಿಯೇನು? ಕಾಲುದಾರಿ ಮಳೆಗೆ ಕೊಚ್ಚಿ ಕೊರಕಲಾಗುತ್ತದೆ. ಮರದ ಬೇರುಗಳು ಮಣ್ಣಿನಿಂದ ಮೇಲೇಳುತ್ತವೆ. ಕಲ್ಲಿಗೆ ಹೊಡೆದ ಬೋಲ್ಟ್ ತುಕ್ಕು ಹಿಡಿಯುತ್ತದೆ. ಜಮೀನಿನ ಯಜಮಾನ ಬೇಸತ್ತು ಒಂದು ದಿನ ಬೇಲಿ ಹಾಕಿಬಿಡುತ್ತಾನೆ.

ಇದನ್ನೆಲ್ಲ ತಡೆಯುವ ಕೆಲಸವನ್ನು ಹತ್ತುವವರೇ ಮೈಮೇಲೆ ಹಾಕಿಕೊಂಡ ಜಾಗಗಳು ಜಗತ್ತಿನಲ್ಲಿ ಹಲವಿವೆ. ಅವುಗಳಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ರೆಡ್ ರಿವರ್ ಗಾರ್ಜ್ ಕಣಿವೆಯದು ನನಗೆ ಬಹಳ ಮುಖ್ಯವೆನಿಸುವ ಉದಾಹರಣೆ. ಅಲ್ಲಿನ ಸ್ವಯಂಸೇವಕರು ಕಸ ಹೆಕ್ಕಿ ಫೋಟೊ ತೆಗೆಸಿಕೊಂಡು ಹೋಗುವವರಲ್ಲ. ಅವರು ಜಮೀನು ಕೊಂಡರು, ಸಾಲ ತೀರಿಸಿದರು, ರಸ್ತೆಗೆ ಜಲ್ಲಿ ಹಾಕಿದರು, ಸಾವಿರಾರು ಬೋಲ್ಟ್ ಇರುವ ಬಂಡೆಗಳ ಉಸ್ತುವಾರಿ ಹೊತ್ತರು. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಕಣಿವೆ ಎಂಥದು

ಲೆಕ್ಸಿಂಗ್ಟನ್ ನಗರದಿಂದ ಆಗ್ನೇಯಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಡೇನಿಯಲ್ ಬೂನ್ ರಾಷ್ಟ್ರೀಯ ಅರಣ್ಯದ ಒಳಗೂ ಅದರ ಅಂಚಿಗೂ ಹಬ್ಬಿದ ಈ ಸೀಮೆಯಲ್ಲಿ ಕಾರ್ಬಿನ್ ಮರಳುಗಲ್ಲಿನ ಕಡಿದಾದ ಗೋಡೆಗಳಿವೆ. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ನದಿಗಳು ತಂದು ಸುರಿದ ಮರಳು ಗಟ್ಟಿಯಾಗಿ ಆದ ಕಲ್ಲು ಇದು. ನೀರು, ಗಾಳಿ, ಹಿಮ ಅದನ್ನು ಕೊರೆದು ನೂರಕ್ಕೂ ಹೆಚ್ಚು ಕಲ್ಲುಕಮಾನುಗಳನ್ನು ಮಾಡಿವೆ. ಕಲ್ಲಿನೊಳಗೆ ಕಬ್ಬಿಣದ ಅಂಶ ಪದರವಾಗಿ ಗಟ್ಟಿಗೊಂಡಿರುವುದರಿಂದ ಅಲ್ಲಲ್ಲಿ ತೆಳು ತಟ್ಟೆಗಳೂ ಬೆರಳು ತೂರಿಸುವಷ್ಟು ಗುಳಿಗಳೂ ಆಗಿವೆ. ಗೋಡೆಗಳು ಮೇಲಕ್ಕೆ ಹೋದಂತೆ ಹೊರಕ್ಕೆ ಚಾಚಿಕೊಂಡಿರುವುದರಿಂದ ಮಳೆ ಸುರಿಯುವಾಗಲೂ ಎಷ್ಟೋ ಬಂಡೆಗಳು ಒಣಗಿಯೇ ಇರುತ್ತವೆ. ಹತ್ತುವವರಿಗೆ ಇನ್ನೇನು ಬೇಕು!

ಈ ಕಣಿವೆ ಒಮ್ಮೆ ನೀರಿನಲ್ಲಿ ಮುಳುಗಬೇಕಿತ್ತು. 1960ರ ದಶಕದಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳ ಇಲಾಖೆ ಇಲ್ಲಿ ಅಣೆಕಟ್ಟು ಕಟ್ಟಲು ಹೊರಟಿತ್ತು. 1967ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅದನ್ನು ವಿರೋಧಿಸಿ ಕಣಿವೆಯಲ್ಲಿ ನಡೆದರು. ಕೆಂಟಕಿಯ ರೈತ, ಲೇಖಕ ವೆಂಡೆಲ್ ಬೆರಿ 1971ರಲ್ಲಿ ಈ ಕಣಿವೆಯ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಎಪ್ಪತ್ತರ ದಶಕದ ನಡುವಿಗೆ ಯೋಜನೆ ಕೈಬಿಡಲಾಯಿತು. ಜಾಗ ಉಳಿಸಲು ಜನ ನಿಲ್ಲಬೇಕು ಎಂಬ ಪಾಠ ಆ ಮಣ್ಣಿನಲ್ಲಿ ಶಿಲಾರೋಹಿಗಳಿಗಿಂತ ಮೊದಲೇ ಇತ್ತು.

ತೊಂದರೆ ಎಲ್ಲಿ ಶುರುವಾಯಿತು

ಹೊರಚಾಚಿದ ಬಂಡೆಯ ಕೆಳಗೆ ಒಣಗಿದ, ನೆರಳಿನ ಜಾಗ ಉಳಿಯುತ್ತದೆ. ಹಗ್ಗ ಹಿಡಿದು ನಿಲ್ಲಲು, ಬ್ಯಾಗ್ ಇಡಲು ಹತ್ತುವವರಿಗೆ ಅದು ಹೇಳಿಮಾಡಿಸಿದ ಜಾಗ. ಆದರೆ ಅದನ್ನೇ ಮನೆ ಮಾಡಿಕೊಂಡ ಇನ್ನಿಬ್ಬರು ಅಲ್ಲಿದ್ದಾರೆ. ಒಂದು, ಬಿಳಿ ರೋಮದ ಗೋಲ್ಡನ್‌ರಾಡ್ ಎಂಬ ಪುಟ್ಟ ಹಳದಿ ಹೂವಿನ ಗಿಡ. ಇಡೀ ಜಗತ್ತಿನಲ್ಲಿ ಇದು ಬೆಳೆಯುವುದು ಈ ಕಣಿವೆಯ ಕಲ್ಲಾಸರೆಗಳ ಮರಳು ನೆಲದಲ್ಲಿ ಮಾತ್ರ. ಕಾಲ್ತುಳಿತವೇ ಅದರ ಮುಖ್ಯ ಶತ್ರು. 1988ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿಸಿತು.

ಎರಡನೆಯದು, ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಬದುಕಿದ್ದ ಮೂಲನಿವಾಸಿಗಳ ಕುರುಹು. ನೆಲ ಒಣಗಿಯೇ ಇದ್ದುದರಿಂದ ಅವರ ಬುಟ್ಟಿ, ಹಗ್ಗ, ಬೀಜಗಳು ಕೊಳೆಯದೆ ಉಳಿದಿವೆ. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಮನುಷ್ಯರು ಕಾಡುಗಿಡಗಳನ್ನು ಸಾಗುವಳಿಗೆ ತಂದ ಅತಿ ಹಳೆಯ ಪುರಾವೆಗಳಲ್ಲಿ ಕೆಲವು ಸಿಕ್ಕಿರುವುದು ಇಂಥ ಕಲ್ಲಾಸರೆಗಳಲ್ಲಿ. ಹಗ್ಗದ ಚೀಲ ಎಳೆದಾಡುವ ಕಾಲು ಅಂಥ ನೆಲವನ್ನು ಒಂದೇ ಸೀಸನ್ನಿನಲ್ಲಿ ಕಲಸಿಹಾಕಬಲ್ಲದು.

ಹೀಗಾಗಿ ಅರಣ್ಯ ಇಲಾಖೆ ಬಿಗಿಯಾಯಿತು. ಕೆಲವು ಗೋಡೆಗಳು ಮುಚ್ಚಿದವು. ಅನುಮತಿಯಿಲ್ಲದೆ ಹೊಸ ಬೋಲ್ಟ್ ಹೊಡೆಯುವಂತಿಲ್ಲ ಎಂದಾಯಿತು. ಹತ್ತುವವರು ಸಿಟ್ಟಾಗಬಹುದಿತ್ತು, ಕೆಲವರು ಆದರು ಕೂಡ. ಆದರೆ 1996ರಲ್ಲಿ ಒಂದಷ್ಟು ಜನ ಸೇರಿ ರೆಡ್ ರಿವರ್ ಗಾರ್ಜ್ ಕ್ಲೈಂಬರ್ಸ್ ಕೊಯಲಿಷನ್ ಎಂಬ ಸಂಘ ಕಟ್ಟಿದರು. ಇಲಾಖೆಯ ಎದುರು ಕುಳಿತು ಮಾತಾಡಲು ಒಂದು ದನಿ ಬೇಕು, ಬಿಡಿಬಿಡಿ ಕೂಗಿನಿಂದ ಕೆಲಸವಾಗದು ಎಂಬುದು ಅವರಿಗೆ ಹೊಳೆದಿತ್ತು. ಇಲಾಖೆಯ ಬಿಗಿ ಸರಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ಆ ಹಳದಿ ಹೂವಿನ ಗಿಡ ಚೇತರಿಸಿಕೊಂಡು 2016ರಲ್ಲಿ ಪಟ್ಟಿಯಿಂದ ಹೊರಬಂತು. ಗಿಡಗಳಿರುವ ಜಾಗಕ್ಕೆ ಬೇಲಿ ಹಾಕಿದ್ದು, ದಾರಿ ಬೇರೆ ಕಡೆಗೆ ತಿರುಗಿಸಿದ್ದು ಫಲ ಕೊಟ್ಟಿತು.

ಜಮೀನು ಕೊಳ್ಳುವುದು

ಸರ್ಕಾರಿ ಅರಣ್ಯದಲ್ಲಿ ಬಾಗಿಲು ಕಿರಿದಾದಾಗ ಹತ್ತುವವರು ಅಕ್ಕಪಕ್ಕದ ಖಾಸಗಿ ಜಮೀನಿನ ಬಂಡೆಗಳತ್ತ ಹೊರಳಿದರು. ಅಲ್ಲಿ ಬೇರೆ ಭಯ. ಯಜಮಾನ ಮನಸ್ಸು ಬದಲಿಸಿದರೆ, ಜಮೀನು ಮಾರಿದರೆ, ಎಲ್ಲ ಮುಗಿಯಿತು. ಆಗ ಸಂಘ ದೊಡ್ಡ ಹೆಜ್ಜೆ ಇಟ್ಟಿತು. 2004ರ ಜನವರಿಯಲ್ಲಿ ಸುಮಾರು 750 ಎಕರೆ ಜಮೀನನ್ನೇ ಕೊಂಡುಕೊಂಡಿತು. ಅದರ ಹೆಸರು ಪೆಂಡರ್‌ಗ್ರಾಸ್-ಮರ್ರಿ ರಿಕ್ರಿಯೇಷನಲ್ ಪ್ರಿಸರ್ವ್. ಕೈಯಲ್ಲಿ ಇಡುಗಂಟು ಇರಲಿಲ್ಲ; ಕಂತು ಕಟ್ಟುವ ಕರಾರು ಮಾಡಿಕೊಂಡು, ಟೀ ಶರ್ಟ್ ಮಾರಿ, ದೇಣಿಗೆ ಎತ್ತಿ, ರಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಜಾತ್ರೆ ನಡೆಸಿ ವರ್ಷವರ್ಷ ತೀರಿಸಿದರು.

ಆಮೇಲೆ ಅಕ್ಸೆಸ್ ಫಂಡ್ ನೆರವಿಗೆ ಬಂತು. 1991ರಲ್ಲಿ ಹುಟ್ಟಿದ ಇದು ಅಮೆರಿಕದ ಶಿಲಾರೋಹಿಗಳ ರಾಷ್ಟ್ರೀಯ ಸಂಘ. ಊರಿನ ಸಂಘಗಳಿಗೆ ಜಮೀನು ಕೊಳ್ಳಲು ಸಾಲ ಕೊಡುವ ಒಂದು ನಿಧಿ ಇವರ ಬಳಿ ಇದೆ. ಬಂಡೆಯಿರುವ ಜಮೀನು ಮಾರಾಟಕ್ಕೆ ಬಂದಾಗ ದಾನಿಗಳನ್ನು ಹುಡುಕಿಕೊಂಡು ಕೂರಲು ಸಮಯವಿರುವುದಿಲ್ಲ. ಹಾಗಾಗಿ ನಿಧಿಯಿಂದ ತಕ್ಷಣ ಹಣ ಹೋಗುತ್ತದೆ, ಜಮೀನು ಕೈಸೇರುತ್ತದೆ, ಊರಿನ ಸಂಘ ನಿಧಾನವಾಗಿ ದೇಣಿಗೆ ಎತ್ತಿ ಮರಳಿಸುತ್ತದೆ. ಮರಳಿದ ಹಣ ಇನ್ನೊಂದು ಊರಿನ ಬಂಡೆಗೆ ಹೋಗುತ್ತದೆ. ಈ ದಾರಿಯಲ್ಲೇ 2013ರಲ್ಲಿ ಮಿಲ್ಲರ್ ಫೋರ್ಕ್‌ನ 309 ಎಕರೆ, 2017ರಲ್ಲಿ ಬಾಲ್ಡ್ ರಾಕ್ ಫೋರ್ಕ್‌ನ 102 ಎಕರೆ ಸಂಘದ ಪಾಲಾದವು. ಅದೇ ಸೀಮೆಯ ಮ್ಯೂರ್ ವ್ಯಾಲಿಯದು ಇನ್ನೊಂದು ಬಗೆ. ರಿಕ್ ಮತ್ತು ಲಿಝ್ ವೆಬರ್ ದಂಪತಿ ಸ್ವಂತ ಹಣದಿಂದ ಕಣಿವೆ ಕೊಂಡು 2004ರಲ್ಲಿ ಎಲ್ಲರಿಗೂ ತೆರೆದರು. 2015ರಲ್ಲಿ ಅದನ್ನು ಸ್ವಯಂಸೇವಕರ ಬೇರೊಂದು ಸಂಘಕ್ಕೆ ಬಿಟ್ಟುಕೊಟ್ಟರು.

ಜಮೀನು ಕೊಂಡ ಮಾತ್ರಕ್ಕೆ ಎಲ್ಲ ಹಕ್ಕೂ ಬಂತೆಂದಲ್ಲ. ಕೆಂಟಕಿಯಲ್ಲಿ ಮೇಲ್ನೆಲದ ಒಡೆತನ ಒಬ್ಬರದು, ನೆಲದಡಿಯ ತೈಲದ ಒಡೆತನ ಇನ್ನೊಬ್ಬರದು ಆಗಿರಬಹುದು. ಸಂಘದ ಜಮೀನಿನಲ್ಲೂ ತೈಲಬಾವಿಗಳು ಕೆಲಸ ಮಾಡುತ್ತಿವೆ. ಬಂಡೆಗೆ ಹೋಗುವ ಮಣ್ಣುರಸ್ತೆಯಲ್ಲೇ ತೈಲದ ಲಾರಿಗಳೂ ಓಡಾಡಬೇಕು. ಹತ್ತುವವರ ಕಾರುಗಳು ಆ ರಸ್ತೆಯನ್ನು ಕೆಡಿಸಿದರೆ ಜಗಳ ಖಂಡಿತ. ಅದಕ್ಕೇ ‘ರೋಡ್ ಡೇಸ್’ ಎಂದು ಹೆಸರಿಟ್ಟು ರಸ್ತೆ ರಿಪೇರಿಗೇ ದಿನ ಮೀಸಲಿಟ್ಟಿದ್ದಾರೆ. ಚರಂಡಿ ತೆಗೆಯುವುದು, ಮೋರಿ ಬಿಡಿಸುವುದು, ಜಲ್ಲಿ ಹರಡುವುದು. ನೋಡುವವರಿಗೆ ಇದಕ್ಕೂ ಬಂಡೆಗೂ ಏನೂ ಸಂಬಂಧ ಕಾಣದು. ಆದರೆ ನೆರೆಹೊರೆಯ ಸಂಬಂಧ ಕೆಟ್ಟು ಮುಚ್ಚಿದ ಬಂಡೆಗಳಿಗೆ ಲೆಕ್ಕವಿಲ್ಲ.

ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಯಜಮಾನನ ಮೇಲೆ ಕೇಸು ಬೀಳುತ್ತದೆಯೇ? ಇದು ಖಾಸಗಿ ಮಾಲೀಕರನ್ನು ಕಾಡುವ ಮೊದಲ ಪ್ರಶ್ನೆ. ಹಣ ಪಡೆಯದೆ ಸಾರ್ವಜನಿಕರ ವಿಹಾರಕ್ಕೆ ಜಮೀನು ಬಿಟ್ಟುಕೊಟ್ಟವರಿಗೆ ಕೆಂಟಕಿಯ ಕಾನೂನು ಬಹುಮಟ್ಟಿಗೆ ರಕ್ಷಣೆ ಕೊಡುತ್ತದೆ. ಆ ಕಾನೂನಿನ ಪ್ರತಿ ಹಿಡಿದು ಮಾಲೀಕರ ಮನೆಗೆ ಹೋಗಿ ವಿವರಿಸುವುದೂ ಸ್ವಯಂಸೇವಕರ ಕೆಲಸವೇ.

ದಾರಿ ಕಡಿಯುವ ಶಾಸ್ತ್ರ

ಕಾಲುದಾರಿಯ ವೈರಿ ಕಾಲು ಎಂದುಕೊಂಡಿರುತ್ತೇವೆ. ನಿಜವಾದ ವೈರಿ ನೀರು. ಅವಸರದ ಮಂದಿ ಬಂಡೆಯ ಬುಡಕ್ಕೆ ನೆಟ್ಟಗೆ ಗುಡ್ಡ ಏರಿ ಹೋಗುತ್ತಾರೆ. ಮಳೆನೀರು ಅದೇ ನೆಟ್ಟನೆಯ ದಾರಿ ಹಿಡಿದು ಇಳಿಯುತ್ತದೆ. ಎರಡು ಮಳೆಗಾಲದಲ್ಲಿ ಅದು ಮೊಣಕಾಲುದ್ದದ ಕೊರಕಲು. ಜನ ಕೊರಕಲು ಬಿಟ್ಟು ಪಕ್ಕದಲ್ಲಿ ನಡೆಯುತ್ತಾರೆ, ಪಕ್ಕದಲ್ಲಿ ಇನ್ನೊಂದು ಕೊರಕಲು.

ದಾರಿ ಕಡಿಯುವವರು ಎರಡು ಲೆಕ್ಕ ಇಟ್ಟುಕೊಂಡಿರುತ್ತಾರೆ. ದಾರಿಯ ಏರು ಗುಡ್ಡದ ಏರಿನ ಅರ್ಧಕ್ಕಿಂತ ಹೆಚ್ಚಿರಬಾರದು. ಅಂದರೆ ನೂರು ಅಡಿಗೆ ನಲವತ್ತು ಅಡಿ ಏರುವ ಗುಡ್ಡದಲ್ಲಿ ದಾರಿ ನೂರು ಅಡಿಗೆ ಇಪ್ಪತ್ತು ಅಡಿ ಮೀರಿ ಏರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗುವ ಬದಲು ದಾರಿಯಲ್ಲೇ ಹರಿಯುತ್ತದೆ. ಒಟ್ಟಾರೆ ಸರಾಸರಿ ಏರು ನೂರಕ್ಕೆ ಹತ್ತರ ಆಸುಪಾಸಿನಲ್ಲಿರಬೇಕು. ಜೊತೆಗೆ ದಾರಿಯ ಮೇಲ್ಮೈ ಕಣಿವೆಯ ಕಡೆಗೆ ತುಸುವೇ ವಾಲಿರಬೇಕು, ಬಿದ್ದ ನೀರು ಹಾಗೇ ಜಾರಿ ಹೋಗಲಿ ಎಂದು.

ಬಂಡೆಯ ಬುಡ ಹತ್ತಿರವಾದಂತೆ ಗುಡ್ಡ ಕಡಿದಾಗುತ್ತದೆ, ತಿರುವುಗಳಿಗೆ ಜಾಗವಿರುವುದಿಲ್ಲ. ಅಲ್ಲಿ ಕಲ್ಲುಮೆಟ್ಟಿಲು. ಒಂದು ಮೆಟ್ಟಿಲು ಕೂರಿಸುವುದನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ಗಾಂಭೀರ್ಯ ತಿಳಿಯುತ್ತದೆ. ಕೆಲಸ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಕ್ವಿಂಟಲ್ ತೂಗುವ ಕಲ್ಲನ್ನು ಹಾರೆಯಿಂದ ಮೀಟಿ, ಪಟ್ಟಿ ಬಿಗಿದು ನಾಲ್ವರು ಹೊತ್ತು ತರುತ್ತಾರೆ. ದೂರ ಹೆಚ್ಚಿದ್ದರೆ ಮರದಿಂದ ಮರಕ್ಕೆ ಉಕ್ಕಿನ ಹಗ್ಗ ಎಳೆದು ಅದರಲ್ಲಿ ತೂಗುಹಾಕಿ ಸಾಗಿಸುತ್ತಾರೆ. ಗುಂಡಿ ತೋಡಿ ಕಲ್ಲಿನ ಬಹುಪಾಲು ಮಣ್ಣಿನೊಳಗೆ ಹೂಳುತ್ತಾರೆ. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಬೆನ್ನ ಮೇಲೆ ಒಂದಷ್ಟು ಕೂತಿರಬೇಕು, ಆಗ ಒಂದರ ಭಾರ ಇನ್ನೊಂದನ್ನು ಹಿಡಿಯುತ್ತದೆ. ಸಂದಿಗಳಿಗೆ ಮಣ್ಣು ತುಂಬುವಂತಿಲ್ಲ. ಮಣ್ಣು ತೊಳೆದುಹೋಗಿ ಕಲ್ಲು ಅಲುಗಾಡುತ್ತದೆ. ಸುತ್ತಿಗೆಯಿಂದ ಕಲ್ಲು ಒಡೆದು ಚೂರು ಮಾಡಿ, ಅದನ್ನೇ ಬಡಿದು ಬಡಿದು ಬಿಗಿಮಾಡಬೇಕು. ಕೊನೆಗೆ ಒಬ್ಬರು ಮೆಟ್ಟಿಲ ಮೂಲೆಗಳ ಮೇಲೆ ಕುಣಿದು ನೋಡುತ್ತಾರೆ. ಕೂದಲೆಳೆಯಷ್ಟು ಅಲುಗಿದರೂ ಕಿತ್ತು ಮತ್ತೆ ಮೊದಲಿನಿಂದ. ನಾಲ್ಕು ಜನ ದಿನವಿಡೀ ದುಡಿದರೂ ಬೆರಳೆಣಿಕೆಯ ಮೆಟ್ಟಿಲುಗಳಾಗುತ್ತವೆ, ಅಷ್ಟೇ.

ಬುಡದ ನೆಲಕ್ಕೂ ಇದೇ ಆರೈಕೆ ಬೇಕು. ಹಗ್ಗ ಹಿಡಿದವರು ನಿಂತು ನಿಂತು ಮಣ್ಣು ಗಟ್ಟಿಯಾದರೆ ಅದರ ರಂಧ್ರಗಳು ಮುಚ್ಚಿ ಬೇರಿಗೆ ಗಾಳಿ, ನೀರು ಸಿಗುವುದಿಲ್ಲ. ಮರ ಒಣಗುತ್ತದೆ, ಹಿಡಿದಿಡಲು ಬೇರಿಲ್ಲದ ಮಣ್ಣು ಜಾರುತ್ತದೆ. ಆದ್ದರಿಂದ ಮರದ ದಿಮ್ಮಿ ಅಥವಾ ಒಣಕಲ್ಲಿನ ಒಡ್ಡು ಕಟ್ಟಿ, ಒಳಗೆ ಕಲ್ಲಿನ ಚೂರು ತುಂಬಿ ಸಮತಟ್ಟಾದ ಜಗಲಿ ಮಾಡುತ್ತಾರೆ. ಇಂತಿಷ್ಟೇ ಜಾಗದಲ್ಲಿ ನಿಲ್ಲಿ ಎಂದು ಅದೇ ಹೇಳುತ್ತದೆ, ಬೋರ್ಡು ಬೇಕಾಗುವುದಿಲ್ಲ. ಈ ಕಸುಬು ಕಲಿಸಲೆಂದೇ ಅಕ್ಸೆಸ್ ಫಂಡ್ 2011ರಿಂದ ತರಬೇತಾದ ತಂಡಗಳನ್ನು ವಾಹನದಲ್ಲಿ ಊರೂರಿಗೆ ಕಳಿಸುತ್ತಿದೆ. ತಂಡ ಹೋದ ಮೇಲೂ ಕೆಲಸ ಗೊತ್ತಿರುವವರು ಆ ಊರಿನಲ್ಲಿ ಉಳಿಯುತ್ತಾರೆ.

ಬೋಲ್ಟಿನ ಆಯುಷ್ಯ

ಮರಳುಗಲ್ಲಿನ ಗೋಡೆಯಲ್ಲಿ ಒಂದು ರೂಟ್, ಅಂದರೆ ಹತ್ತುವ ದಾರಿ, ಎಂದರೆ ಸಾಮಾನ್ಯವಾಗಿ ಎಂಟು ಹತ್ತು ಬೋಲ್ಟ್, ತುದಿಯಲ್ಲಿ ಹಗ್ಗ ನಿಲ್ಲಿಸಲು ಎರಡು ಬೋಲ್ಟಿನ ಆಂಕರ್. ಹತ್ತುವವರು ತಮ್ಮ ಹಗ್ಗವನ್ನು ಒಂದೊಂದು ಬೋಲ್ಟಿಗೂ ಸಿಕ್ಕಿಸುತ್ತ ಏರುತ್ತಾರೆ. ಬಿದ್ದರೆ ಹಿಡಿಯುವುದು ಆ ಬೋಲ್ಟ್. ಅಡ್ಡ ಎಳೆತಕ್ಕೆ ಕನಿಷ್ಠ 25 ಕಿಲೋನ್ಯೂಟನ್, ಅಂದರೆ ಸುಮಾರು ಎರಡೂವರೆ ಟನ್ ಭಾರ ತಡೆಯಬೇಕೆಂದು ಯುರೋಪಿನ ಮಾನದಂಡ ಹೇಳುತ್ತದೆ. ಹೊಸದಾಗಿದ್ದಾಗ ತಡೆಯುತ್ತದೆ. ಆದರೆ ಹಳೆಯ ಕಾಲದಲ್ಲಿ ಹೊಡೆದವು ಸತು ಲೇಪಿಸಿದ ಸಾದಾ ಉಕ್ಕಿನವು. ಲೇಪನ ಹೋದ ಮೇಲೆ ತುಕ್ಕು ಒಳಗೊಳಗೇ ತಿನ್ನುತ್ತದೆ, ಹೊರಗೆ ಕಾಣುವುದೇ ಇಲ್ಲ. ಸ್ಟೇನ್‌ಲೆಸ್ ಬೋಲ್ಟಿಗೆ ಸಾದಾ ಉಕ್ಕಿನ ಹ್ಯಾಂಗರ್ (ಕೊಂಡಿ ಸಿಕ್ಕಿಸುವ ತೂತಿನ ಪಟ್ಟಿ) ಹಾಕಿದ್ದರೆ ಇನ್ನೂ ಕೆಟ್ಟದು. ಎರಡು ಲೋಹಗಳ ನಡುವೆ ತೇವ ಸೇರಿದರೆ ಸಾದಾ ಉಕ್ಕು ಬೇಗ ಸವೆಯುತ್ತದೆ.

ಬೋಲ್ಟ್ ಬದಲಿಸುವವರು ಮೊದಲು ಹಳೆಯದನ್ನು ತಿರುಗಿಸಿ, ಎಳೆದು ಹೊರತೆಗೆಯಲು ನೋಡುತ್ತಾರೆ. ಬಂದರೆ ಅದೇ ತೂತನ್ನು ತುಸು ಅಗಲಿಸಿ ಹೊಸದನ್ನು ಕೂರಿಸಬಹುದು, ಕಲ್ಲಿಗೆ ಇನ್ನೊಂದು ಗಾಯವಿಲ್ಲ. ಬರದಿದ್ದರೆ ತಲೆ ಕತ್ತರಿಸಿ, ಅಂಟಿಗೆ ಕಲ್ಲಿನ ಪುಡಿ ಬೆರೆಸಿ ಗುರುತು ಸಿಗದಂತೆ ಮೆತ್ತುತ್ತಾರೆ. ಮೆದು ಕಲ್ಲಿಗೆ ಅಂಟಿನ ಬೋಲ್ಟ್ ಒಳ್ಳೆಯದು. ಹಿಗ್ಗುವ ಬಗೆಯ ಬೋಲ್ಟ್ ಒಂದೇ ಕಡೆ ಕಲ್ಲನ್ನು ಒತ್ತಿ ಒತ್ತಿ ಪುಡಿಮಾಡಬಲ್ಲದು. ಅಂಟು ಭಾರವನ್ನು ತೂತಿನ ಉದ್ದಕ್ಕೂ ಹಂಚುತ್ತದೆ. ಆದರೆ ತೂತಿನೊಳಗೆ ಪುಡಿ ಉಳಿದಿದ್ದರೆ ಅಂಟು ಹಿಡಿಯುವುದು ಪುಡಿಯನ್ನು, ಕಲ್ಲನ್ನಲ್ಲ. ಅದಕ್ಕೇ ಊದುವುದು, ಬ್ರಶ್ಶಿನಿಂದ ಉಜ್ಜುವುದು, ಮತ್ತೆ ಊದುವುದು. ಪುಡಿ ಬರುವುದು ನಿಲ್ಲುವವರೆಗೆ ಇದೇ. ಅಂಟು ಪೂರ್ತಿ ಗಟ್ಟಿಯಾಗುವ ತನಕ, ಚಳಿಯಿದ್ದರೆ ಒಂದಿಡೀ ದಿನ, ಆ ರೂಟಿಗೆ ಯಾರೂ ಕೈಹಚ್ಚದಂತೆ ಗುರುತು ಕಟ್ಟಿ ಹೋಗುತ್ತಾರೆ. ಇದನ್ನೆಲ್ಲ ಮಾಡುವುದು ಹೊರಚಾಚಿದ ಗೋಡೆಯಲ್ಲಿ, ಹಗ್ಗದಲ್ಲಿ ತೂಗುತ್ತ, ಡ್ರಿಲ್ ಒತ್ತಿದಾಗೆಲ್ಲ ಬಂಡೆಯಿಂದ ದೂರ ತಳ್ಳಿಸಿಕೊಳ್ಳುತ್ತ. ಸಂಬಳವಿಲ್ಲ. ತಮ್ಮ ರಜೆಯ ದಿನ ಬಂದು, ತಾವು ಎಂದೂ ನೋಡದವರ ಜೀವಕ್ಕಾಗಿ ಇಷ್ಟು ಪಾಡುಪಡುವವರ ಬಗ್ಗೆ ನನಗೆ ಅಪಾರ ಗೌರವವಿದೆ.

ಕಡಿದಾದ ರೂಟುಗಳಲ್ಲಿ ಬೋಲ್ಟಿನಲ್ಲೇ ಖಾಯಂ ಆಗಿ ತೂಗುಬಿಟ್ಟಿರುವ ಕ್ಯಾರಬೀನರುಗಳ, ಅಂದರೆ ಹಗ್ಗ ತೂರಿಸುವ ಲೋಹದ ಕೊಂಡಿಗಳ, ಕಡೆಗೂ ಕಣ್ಣಿರಬೇಕು. ಮರಳು ಹತ್ತಿದ ಹಗ್ಗ ಉಜ್ಜಿ ಉಜ್ಜಿ ಅಲ್ಯುಮಿನಿಯಂ ಸವೆದು ಅಂಚು ಕತ್ತಿಯಾಗುತ್ತದೆ. ಕತ್ತಿಯಾದ ಅಂಚು ಹಗ್ಗವನ್ನೇ ಕತ್ತರಿಸಬಲ್ಲದು. ನೆಲಕ್ಕೆ ಹತ್ತಿರದ ಮೊದಲನೆಯದೇ ಎಲ್ಲಕ್ಕಿಂತ ಬೇಗ ಸವೆಯುವುದು. ಈಗ ಅವುಗಳ ಜಾಗಕ್ಕೆ ಉಕ್ಕಿನವು ಬರುತ್ತಿವೆ.

ಹಕ್ಕಿ, ಹೊಲಸು, ಊರಿನವರು

ಬಂಡೆಯ ಅಟ್ಟಣೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ ರೂಟುಗಳನ್ನು ಕೆಲ ತಿಂಗಳು ಮುಚ್ಚುವುದು ಅಮೆರಿಕದಲ್ಲಿ ಈಗ ರೂಢಿ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಪೆರೆಗ್ರಿನ್ ಡೇಗೆಗಳಿಗಾಗಿ ಮಾರ್ಚಿನಿಂದ ಜುಲೈ ನಡುವಿನವರೆಗೆ ಕೆಲವು ಗೋಡೆಗಳಿಗೆ ಹೋಗುವಂತಿಲ್ಲ. ಗೂಡು ಎಲ್ಲಿದೆ ಎಂದು ಇಲಾಖೆಗೆ ತಿಳಿಸುವವರಲ್ಲಿ ಹತ್ತುವವರೂ ಇರುತ್ತಾರೆ.

ಮಲವಿಸರ್ಜನೆಯ ಮಾತು ಮುಜುಗರದ್ದು, ಆದರೆ ಬಿಡುವಂತಿಲ್ಲ. ನೀರಿನಿಂದ ಇನ್ನೂರು ಅಡಿ ದೂರ, ಆರೇಳು ಇಂಚು ಆಳದ ಗುಂಡಿ. ಜನ ಹೆಚ್ಚಿರುವ ಕಡೆ ಗುಂಡಿಯೂ ಸಾಲದು, ಚೀಲದಲ್ಲಿ ಕಟ್ಟಿ ವಾಪಸು ಒಯ್ಯಬೇಕು. ಕೈಬೆವರಿಗೆ ಬಳಸುವ ಬಿಳಿ ಚಾಕ್ ಪುಡಿಯ ಗುರುತನ್ನು ಹೊರಡುವ ಮೊದಲು ನೈಲಾನ್ ಬ್ರಶ್ಶಿನಿಂದ ಉಜ್ಜಬೇಕು. ತಂತಿ ಬ್ರಶ್ ಕೂಡದು, ಅದು ಮರಳುಗಲ್ಲಿನ ಮೇಲ್ಪದರವನ್ನೇ ಕೆರೆಯುತ್ತದೆ.

ಊರಿನವರ ಒಲವಿಲ್ಲದೆ ಇದ್ಯಾವುದೂ ನಿಲ್ಲದು. ಈ ಕಣಿವೆಯ ಸುತ್ತಲಿನ ಕೌಂಟಿಗಳು ಅಮೆರಿಕದ ಬಡ ಕೌಂಟಿಗಳಲ್ಲಿ ಸೇರಿವೆ. ಶಿಲಾರೋಹಿಗಳು ಅಲ್ಲಿ ಆಗ ವರ್ಷಕ್ಕೆ ಸುಮಾರು 36 ಲಕ್ಷ ಡಾಲರ್ ಖರ್ಚು ಮಾಡುತ್ತಿದ್ದರೆಂದು 2010ರ ದಶಕದ ನಡುವಿನಲ್ಲಿ ಈಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಚಿಂದಿ ಬಟ್ಟೆಯ ಅಲೆಮಾರಿಗಳು ಎಂಬ ಹಳೆಯ ಎಣಿಕೆಗೆ ಈ ಲೆಕ್ಕ ಉತ್ತರವಾಯಿತು.

ನಮ್ಮ ಬಂಡೆಗಳು

ಬಾದಾಮಿಯದೂ ಮರಳುಗಲ್ಲು, ಕೆಂಟಕಿಯದಕ್ಕಿಂತ ಬಹಳ ಹಳೆಯದು. ಅಲ್ಲಿಗೆ ದೇಶವಿದೇಶದ ಹತ್ತುವವರು ಬರುತ್ತಾರೆ. ಹತ್ತಿರದ ಸಿಡ್ಲಫಡಿಯಲ್ಲಿ ಸಹಜವಾಗಿ ಆದ ಕಲ್ಲುಸೇತುವೆಯಿದೆ, ಅದರ ಆಸರೆಯಲ್ಲಿ ಆದಿಮಾನವರ ಚಿತ್ರಗಳಿವೆ. ರೆಡ್ ರಿವರ್ ಕಣಿವೆಯಲ್ಲಿ ಕಂಡ ಸಮಸ್ಯೆಯೇ ಇಲ್ಲೂ ಇದೆ. ಒಂದೇ ಕಲ್ಲಾಸರೆ ಹತ್ತುವವರಿಗೂ ಬೇಕು, ಚರಿತ್ರೆಗೂ ಬೇಕು. ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ಕಾನೂನು ತಿದ್ದುಪಡಿ ಹೇಳುತ್ತದೆ. ಹಕ್ಕಿಗಳ ಪ್ರಶ್ನೆಯೂ ನಮ್ಮಲ್ಲಿದೆ: ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಉದ್ದಕೊಕ್ಕಿನ ರಣಹದ್ದು ಕಡಿಬಂಡೆಯ ಅಟ್ಟಣೆಯಲ್ಲಿ ಗೂಡು ಕಟ್ಟಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಲಾಟೆಗೆ ತಾಯಿಹಕ್ಕಿ ಎದ್ದುಹೋದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು.

ಜಮೀನು ಕೊಳ್ಳುವ ಮಾರ್ಗ ನಮ್ಮಲ್ಲಿ ಸುಲಭವಲ್ಲ. ನಮ್ಮ ಬಂಡೆಗಳಲ್ಲಿ ಹೆಚ್ಚಿನವು ಅರಣ್ಯ, ಕಂದಾಯ, ಪುರಾತತ್ವ ಇಲಾಖೆಗಳ ಸುಪರ್ದಿಯಲ್ಲಿವೆ. ಆದರೆ ಉಳಿದ ಬಹಳಷ್ಟು ಕೆಲಸಕ್ಕೆ ನಮ್ಮಲ್ಲೂ ದಾರಿಯಿದೆ. ಹತ್ತುವವರು ಒಂದು ಸಂಘವಾಗಿ ಇಲಾಖೆಯ ಮುಂದೆ ಕೂರಬಹುದು. ಯಾವ ಬೋಲ್ಟ್ ಎಂದು ಹೊಡೆದದ್ದು, ಯಾವ ಲೋಹದ್ದು ಎಂದು ದಾಖಲೆ ಇಡಬಹುದು. ಅನುಮತಿ ಪಡೆದು ದಾರಿಗೆ ಮೆಟ್ಟಿಲು ಕೂರಿಸಬಹುದು. ಊರ ಹುಡುಗರಿಗೆ ಹಗ್ಗ ಹಿಡಿಯಲು ಕಲಿಸಬಹುದು.

ನೀವು ಬಾದಾಮಿಗೆ ಹತ್ತಲು ಹೋಗುವವರಾದರೆ ಒಂದು ಕೋರಿಕೆ. ಮಳೆ ಬಂದು ಹೋದ ಮೇಲೆ ಒಂದೆರಡು ದಿನ ಕಾಯಿರಿ. ಒದ್ದೆಯಾದ ಮರಳುಗಲ್ಲು ಬಲ ಕಳೆದುಕೊಂಡಿರುತ್ತದೆ, ಕೈಯಲ್ಲಿ ಹಿಡಿದದ್ದು ಕಿತ್ತು ಬಂದರೆ ಅದನ್ನು ಮರಳಿ ಅಂಟಿಸಲು ಯಾರಿಂದಲೂ ಆಗದು. ಸ್ಮಾರಕದ ಹತ್ತಿರ, ಚಿತ್ರಗಳ ಹತ್ತಿರ ಡ್ರಿಲ್ ತೆಗೆಯಬೇಡಿ. ಮತ್ತು ಮುಂದಿನ ಸಲ ಹಗ್ಗದ ಜೊತೆ ಒಂದು ಗುದ್ದಲಿಯನ್ನೂ ಒಯ್ಯಿರಿ.